ಇಬ್ಬರ ಎಲೆಕ್ಟ್ರಾನಿಕ್ ತಂಡಕ್ಕೆ ಎರಡು ಹಲಗೆ, ನಡುವೆ ಒಂದೇ ಕೇಬಲ್

ಹಗಲು ಬೇರೆ ಬೇರೆ ಕೆಲಸಕ್ಕೆ ಹೋಗುವ ಇಬ್ಬರು ಬಿಡುವಿನಲ್ಲಿ ನಡೆಸುವ ಎಲೆಕ್ಟ್ರಾನಿಕ್ ಸಂಗೀತ ತಂಡಕ್ಕೆ ವೇದಿಕೆಯ ಸಾಮಾನು ಜೋಡಿಸಿದ ದಾಖಲೆ ಇದು. ಅರ್ಧ ಸಾಮಾನು ಒಬ್ಬರ ಮನೆಯಲ್ಲಿ, ಉಳಿದರ್ಧ ಇನ್ನೊಬ್ಬರ ಮನೆಯಲ್ಲಿ ಇರುತ್ತದೆ. ವಾರಕ್ಕೊಮ್ಮೆ ಸೇರಿದಾಗ ಯಾವ ವಯರ್ ಎಲ್ಲಿಗೆ ಎಂದು ಹುಡುಕುವುದರಲ್ಲೇ ಸಂಜೆ ಕಳೆದರೆ ಇಂಥ ತಂಡ ಬಹಳ ದಿನ ಬಾಳುವುದಿಲ್ಲ. ಆದ್ದರಿಂದ ಒಬ್ಬೊಬ್ಬರ ಸಾಮಾನನ್ನು ಒಂದೊಂದು ಹಲಗೆಯ ಮೇಲೆ, ಎರಡು ನಿಯಮ ಇಟ್ಟುಕೊಂಡು ಕಟ್ಟಿದ್ದು: ಹಲಗೆಗೆ ಹಾಕಿದ ವಯರನ್ನು ಮತ್ತೆ ಬಿಚ್ಚುವಂತಿಲ್ಲ, ಎರಡು ಹಲಗೆಗಳ ನಡುವೆ ಒಂದಕ್ಕಿಂತ ಹೆಚ್ಚು ಕೇಬಲ್ ಇರುವಂತಿಲ್ಲ. ಎರಡನೇ ನಿಯಮ ಬರೀ ಅನುಕೂಲಕ್ಕಲ್ಲ. ಆ ಒಂದು ಕೇಬಲ್ ಮಿಡಿ ಕೇಬಲ್ (ಯಂತ್ರಗಳ ನಡುವೆ ಸದ್ದನ್ನಲ್ಲ, ಸ್ವರ ಮತ್ತು ತಾಳದ ಸೂಚನೆಗಳನ್ನು ಸಾಗಿಸುವ ಕೇಬಲ್) ಆಗಿದ್ದರೆ ಎರಡು ಹಲಗೆಗಳ ಗ್ರೌಂಡ್ (ಕರೆಂಟು ಹಿಂತಿರುಗುವ ಸಾಮಾನ್ಯ ದಾರಿ) ಅದರ ಮೂಲಕ ಸೇರುವುದೇ ಇಲ್ಲ. ಗುಂಯ್‌ಗುಡುವ ತೊಂದರೆಗಳಲ್ಲಿ ಅರ್ಧದಷ್ಟು ಅಲ್ಲೇ ಕಳೆಯುತ್ತವೆ.

ಮೊದಲ ಹಲಗೆಯ ಮೇಲೆ ಏಬಲ್ಟನ್ ಲೈವ್ (ಸಂಗೀತದ ತಂತ್ರಾಂಶ, ಮುಂದೆ ಬರೀ ಲೈವ್) ಇರುವ ಲ್ಯಾಪ್‌ಟಾಪ್, ನಾಲ್ಕು ಔಟ್‌ಪುಟ್ ಮತ್ತು ಮಿಡಿ ಔಟ್ ಇರುವ ಆಡಿಯೊ ಇಂಟರ್‌ಫೇಸ್ (ಲ್ಯಾಪ್‌ಟಾಪಿನ ಸದ್ದನ್ನು ಒಳಗೆ ಹೊರಗೆ ಸಾಗಿಸುವ ಪೆಟ್ಟಿಗೆ), 25 ಕೀಗಳ ಕಂಟ್ರೋಲರ್, ಹಾಡಲು ಒಂದು ಡೈನಮಿಕ್ ಮೈಕ್. ಎರಡನೆಯದರ ಮೇಲೆ ಕೋರ್ಗ್ ವೋಲ್ಕಾ ಬೀಟ್ಸ್ (ಚಿಕ್ಕ ಡ್ರಮ್ ಮಷೀನ್), ವೋಲ್ಕಾ ಬೇಸ್ (ಚಿಕ್ಕ ಬೇಸ್ ಸಿಂಥ್), ಒಂದು ಪಾಲಿ ಸಿಂಥ್ (ಒಟ್ಟಿಗೆ ಹಲವು ಸ್ವರ ನುಡಿಸುವ ಸಿಂಥಸೈಸರ್), ಮಿಡಿ ಹಿಡಿಯುವ ಡಿಲೇ (ಪ್ರತಿಧ್ವನಿಯ) ಪೆಡಲ್, ಒಂದು ಚಿಕ್ಕ ಮಿಕ್ಸರ್.

ಹಂತ 1: ಸೇರುವ ಮುನ್ನ ಫೈಲ್ ವಿನಿಮಯ

ದೂರದಲ್ಲಿರುವ ಇಬ್ಬರು ಹೀಗೆ ಕೆಲಸ ಮಾಡುವುದಕ್ಕೆ ಹೆಸರಾದ ಉದಾಹರಣೆ ಅಮೆರಿಕದ ದ ಪೋಸ್ಟಲ್ ಸರ್ವಿಸ್. ಜಿಮ್ಮಿ ಟಾಂಬೊರೆಲ್ಲೊ ಲಾಸ್ ಏಂಜಲೀಸ್‌ನಲ್ಲಿ ವಾದ್ಯಭಾಗ ಮಾಡಿ ಅಂಚೆಗೆ ಹಾಕುತ್ತಿದ್ದರು. ಸಿಯಾಟಲ್‌ನಲ್ಲಿ ಬೆನ್ ಗಿಬ್ಬರ್ಡ್ ಧ್ವನಿ ಸೇರಿಸಿ ಹಿಂದಕ್ಕೆ ಕಳಿಸುತ್ತಿದ್ದರು. ಇಬ್ಬರಿಗೂ ಬೇರೆ ಮುಖ್ಯ ಕೆಲಸ ಇತ್ತು, ಗಿಬ್ಬರ್ಡ್ ಅವರಿಗೆ ಡೆತ್ ಕ್ಯಾಬ್ ಫಾರ್ ಕ್ಯೂಟಿ, ಟಾಂಬೊರೆಲ್ಲೊ ಅವರಿಗೆ ಡಿಂಟೆಲ್. ಆಲ್ಬಂ 2003ರಲ್ಲಿ ಹೊರಬಂತು. ತಂಡದ ಹೆಸರೇ ಆ ಅಂಚೆಯಿಂದ ಬಂದದ್ದು. ಈಗ ಅಂಚೆ ಬೇಕಿಲ್ಲ, ಆದರೆ ಶಿಸ್ತು ಅದೇ ಬೇಕು, ಯಾಕಂದರೆ ಒಮ್ಮೆ ಕಳಿಸಿದ ಫೈಲು ಇನ್ನೊಬ್ಬರ ಕಂಪ್ಯೂಟರಿನಲ್ಲಿ ತಾಳಕ್ಕೆ ಸರಿಯಾಗಿ ಕೂರಲೇಬೇಕು.

ಇಟ್ಟುಕೊಂಡ ಕಟ್ಟು ಇಷ್ಟು. ಎಲ್ಲವೂ 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲು. ಪ್ರತಿ ಟ್ರ್ಯಾಕು, ಸದ್ದು ಎಲ್ಲಿಂದ ಶುರುವಾದರೂ ಸರಿ, ಹಾಡಿನ ಮೊದಲ ಬಾರ್‌ನ ಮೊದಲ ಬೀಟ್‌ನಿಂದಲೇ ಶುರುವಾಗಬೇಕು; ಮುಂದೆ ಮೌನ ಇದ್ದರೆ ಮೌನವೂ ಫೈಲಿನಲ್ಲೇ ಇರಲಿ. ಫೈಲಿನ ಹೆಸರಿನಲ್ಲಿ ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್), ಶ್ರುತಿ, ಎಷ್ಟನೇ ಆವೃತ್ತಿ, ಈ ಮೂರೂ ಇರಲಿ. ರಿವರ್ಬ್, ಡಿಲೇ ಹಾಕಿದ್ದರೆ ಹಾಕಿದ್ದೊಂದು, ಹಾಕದ್ದೊಂದು ಎರಡೂ ಕಳಿಸಬೇಕು. ಈ ಗುಣಮಟ್ಟದ ಸ್ಟೀರಿಯೊ ಫೈಲು ನಿಮಿಷಕ್ಕೆ ಸುಮಾರು 17 ಮೆಗಾಬೈಟ್. ನಾಲ್ಕು ನಿಮಿಷದ ಹಾಡಿನ ಎಂಟು ಟ್ರ್ಯಾಕು 550 ಮೆಗಾಬೈಟ್ ದಾಟುತ್ತದೆ. ಅದನ್ನು ವಾಟ್ಸಾಪ್‌ನಲ್ಲಿ ಆಡಿಯೊ ಎಂದು ಕಳಿಸಿದರೆ ಗುಣಮಟ್ಟ ಹೋಗುತ್ತದೆ. ಎಂಪಿ3 ಮಾಡಿ ಕಳಿಸಿದರೆ ಇನ್ನೊಂದು ತೊಂದರೆ: ಎನ್‌ಕೋಡರ್ ಫೈಲಿನ ತಲೆಗೆ ಕೆಲವು ಮಿಲಿಸೆಕೆಂಡ್ ಮೌನ ಸೇರಿಸುತ್ತದೆ, ಕಿಕ್ ಮತ್ತು ಬೇಸ್ ಒಂದಕ್ಕೊಂದು ಜಾರಿ ಸದ್ದು ಪೇಲವವಾಗುತ್ತದೆ. ಮಿಕ್ಸ್‌ನಲ್ಲಿ ಎಷ್ಟು ಈಕ್ಯೂ ತಿರುಗಿಸಿದರೂ ಅದು ಸರಿಯಾಗುವುದಿಲ್ಲ.

ಹಂತ 2: ಹಲಗೆ

12 ಮಿಲಿಮೀಟರ್ ಪ್ಲೈವುಡ್, ಒಂದೊಂದೂ 60 × 40 ಸೆಂಟಿಮೀಟರ್. ತೂಕ ತಲಾ ಎರಡು ಕಿಲೋದೊಳಗೆ. ಈ ಅಳತೆ ಆಟೋದ ಸೀಟಿನ ಮೇಲೆ ಕೂರುತ್ತದೆ, ಬೈಕಿನಲ್ಲಿ ಹಿಂದೆ ಕೂತವರ ತೊಡೆಯ ಮೇಲೂ ಕೂರುತ್ತದೆ. ಬಡಗಿಯ ಹತ್ತಿರ ಉಳಿಕೆ ತುಂಡು ಸಿಕ್ಕರೆ ಖರ್ಚೇ ಇಲ್ಲ. 6 ಮಿಮೀ ಪ್ಲೈ ಹಗುರ, ಆದರೆ ಸಿಂಥ್ ಇಟ್ಟ ಕಡೆ ನಡುವೆ ಬಾಗುತ್ತದೆ. ಕೀ ಒತ್ತಿದಾಗ ಪಕ್ಕದ ವೋಲ್ಕಾ ಅಲುಗುತ್ತದೆ. ವೋಲ್ಕಾದ 3.5 ಮಿಮೀ ಸಾಕೆಟ್‌ಗಳು ನೇರ ಸರ್ಕ್ಯೂಟ್ ಬೋರ್ಡಿಗೆ ಬೆಸೆದಂಥವು, ಈ ಅಲುಗಾಟವೇ ಅವುಗಳ ಬೆಸುಗೆ ಬಿರುಕು ಬಿಡಿಸುತ್ತದೆ.

ಸಾಮಾನು ಹಿಡಿಯಲು ಅಗಲದ ವೆಲ್‌ಕ್ರೋ ಸಾಕು. ಹಲಗೆಯ ಕಡೆ ಒರಟು ಭಾಗ, ಸಾಮಾನಿನ ತಳಕ್ಕೆ ಮೃದು ಭಾಗ. ವಾರ್ನಿಷ್ ಹಚ್ಚದ ಪ್ಲೈಗೆ ವೆಲ್‌ಕ್ರೋದ ಅಂಟು ನಿಲ್ಲುವುದಿಲ್ಲ. ಎರಡು ಕೋಟು ಹಚ್ಚಿ, ಒಂದು ದಿನ ಒಣಗಲು ಬಿಟ್ಟು ಅಂಟಿಸಬೇಕು. ವಯರುಗಳು ಹಲಗೆಯ ಅಡಿಯಲ್ಲಿ, ಕೇಬಲ್ ಟೈ ಹಾಕಿ. ಅಡಿಗೆ ಎರಡು ರೀಪು ಹೊಡೆದರೆ ಮೇಜಿನ ಮೇಲಿಟ್ಟಾಗ ವಯರ್ ಜಜ್ಜುವುದಿಲ್ಲ.

ಹಂತ 3: ಮಿಡಿ ಥ್ರೂ ಡಬ್ಬಿ

ಎರಡನೇ ಹಲಗೆಯಲ್ಲಿ ತಾಳ ಹಿಡಿಯಬೇಕಾದ ಯಂತ್ರ ನಾಲ್ಕು, ಬರುವ ಮಿಡಿ ಕೇಬಲ್ ಒಂದು. ವೋಲ್ಕಾಗಳಲ್ಲಿ ಮಿಡಿ ಇನ್ ಮಾತ್ರ ಇದೆ, ಬಂದದ್ದನ್ನು ಮುಂದಕ್ಕೆ ಕಳಿಸುವ ಥ್ರೂ ಇಲ್ಲ, ಹಾಗಾಗಿ ಒಂದರಿಂದ ಇನ್ನೊಂದಕ್ಕೆ ಸರಪಳಿ ಹಾಕಲಾಗದು. ವೈ ಕೇಬಲ್‌ನಲ್ಲಿ ಎರಡಕ್ಕೆ ಹಂಚುವುದನ್ನು ಕೆಲವರು ಮಾಡುತ್ತಾರೆ. ಮಿಡಿ ಅಂದರೆ ಸುಮಾರು 5 ಮಿಲಿಆಂಪಿಯರ್ ಕರೆಂಟು. ಎರಡು ಕಡೆ ಹಂಚಿದರೆ ಒಂದೊಂದು ಯಂತ್ರದ ಆಪ್ಟೊಕಪ್ಲರಿಗೂ (ಸಿಗ್ನಲನ್ನು ವಯರಿನ ಬದಲು ಬೆಳಕಿನಿಂದ ದಾಟಿಸುವ ಬಿಡಿಭಾಗ) ಅರ್ಧವಷ್ಟೇ ಸಿಗುತ್ತದೆ. ಕೆಲವೊಮ್ಮೆ ನಡೆಯುತ್ತದೆ, ಕೆಲವೊಮ್ಮೆ ಇಲ್ಲ; ವೇದಿಕೆಗೆ ಅಂಥದ್ದು ಬೇಡ. ಆದ್ದರಿಂದ ಒಂದು ಇನ್, ನಾಲ್ಕು ಔಟ್ ಇರುವ ಡಬ್ಬಿ.

ಬೇಕಾದದ್ದು: ಎಚ್11ಎಲ್1 ಆಪ್ಟೊಕಪ್ಲರ್ 1, 74ಎಚ್‌ಸಿ14 ಐಸಿ 1, ಎರಡಕ್ಕೂ ಐಸಿ ಸಾಕೆಟ್, ಐದು ಪಿನ್ನಿನ ಡಿನ್ ಸಾಕೆಟ್ 4, 3.5 ಮಿಮೀ ಸ್ಟೀರಿಯೊ ಸಾಕೆಟ್ 1, 220 ಓಮ್ ರೆಸಿಸ್ಟರ್ 9, 470 ಓಮ್ 1, 1 ಕಿಲೋಓಮ್ 1, 100 ಕಿಲೋಓಮ್ 1, 1ಎನ್4148 ಡಯೋಡ್ 2, 1ಎನ್4007 ಡಯೋಡ್ 1, 7805 ರೆಗ್ಯುಲೇಟರ್ 1, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ 4, 0.33 ಮೈಕ್ರೋಫ್ಯಾರಡ್ 1, ಕೆಂಪು ಎಲ್‌ಇಡಿ, ಡಿಸಿ ಸಾಕೆಟ್, ತೂತಿನ ಪಿಸಿಬಿ, ಪ್ಲಾಸ್ಟಿಕ್ ಡಬ್ಬಿ. ಬೆಂಗಳೂರಿನವರಿಗೆ ಎಸ್‌.ಪಿ. ರಸ್ತೆಯಲ್ಲಿ ಒಂದೇ ಸುತ್ತಿನಲ್ಲಿ ಸಿಗುವಂಥವು, ಎಚ್11ಎಲ್1 ಒಂದನ್ನು ಬಿಟ್ಟು. ಅದನ್ನು ಆನ್‌ಲೈನ್‌ನಲ್ಲಿ ತರಿಸುವುದು ಸುಲಭ. ಅಂದಾಜು ಖರ್ಚು ಐನೂರರಿಂದ ಆರುನೂರು ರೂಪಾಯಿ. ಅದರಲ್ಲಿ ಡಿನ್ ಸಾಕೆಟ್ ಮತ್ತು ಡಬ್ಬಿಯದೇ ದೊಡ್ಡ ಪಾಲು.

ಅಂಗಡಿಯಲ್ಲಿ ಎಚ್11ಎಲ್1 ಇಲ್ಲದಿದ್ದರೆ ಪಿಸಿ817 ಕೊಡುತ್ತಾರೆ. ಅದೂ ಆಪ್ಟೊಕಪ್ಲರೇ, ಮೊಬೈಲ್ ಚಾರ್ಜರುಗಳಲ್ಲೆಲ್ಲ ಇರುತ್ತದೆ, ಬೆಲೆ ತೀರ ಕಡಿಮೆ. ಅದನ್ನು ಹಾಕಿ ನೋಡಿದ್ದಾಯಿತು, ಕೆಲಸಕ್ಕೆ ಬರುವುದಿಲ್ಲ. ಮಿಡಿ ಸೆಕೆಂಡಿಗೆ 31,250 ಬಿಟ್ ಕಳಿಸುತ್ತದೆ, ಒಂದು ಬಿಟ್‌ಗೆ ಸಿಗುವುದು 32 ಮೈಕ್ರೋಸೆಕೆಂಡ್. ಪಿಸಿ817 ಆರಿ ಹೊತ್ತುವುದಕ್ಕೇ ಅದರಲ್ಲಿ ಬಹುಪಾಲು ತೆಗೆದುಕೊಳ್ಳುತ್ತದೆ. ಔಟ್‌ಪುಟ್ಟನ್ನು 5 ವೋಲ್ಟಿಗೆ ಎಳೆಯುವ ಪುಲ್‌ಅಪ್ ರೆಸಿಸ್ಟರ್ ದೊಡ್ಡದಾದಷ್ಟೂ ಇನ್ನೂ ನಿಧಾನ. ಮೋಸ ಎಲ್ಲಿ ಅಂದರೆ, ಒಂದೇ ಬೈಟಿನ ಕ್ಲಾಕ್ (ತಾಳ ಹಿಡಿಸುವ) ಸಂದೇಶ ಹೇಗೋ ದಾಟುತ್ತದೆ, ಡ್ರಮ್ ಮಷೀನ್ ಓಡುತ್ತದೆ, ಡಬ್ಬಿ ಸರಿಯಿದೆ ಅನಿಸುತ್ತದೆ. ಮೂರು ಬೈಟಿನ ನೋಟ್ ಸಂದೇಶ ಕಳಿಸಿದಾಗ ನೋಟ್ ಆಫ್ ಮಧ್ಯದಲ್ಲಿ ಕಳೆದುಹೋಗಿ ಸ್ವರ ನಿಲ್ಲದೆ ಎಳೆಯುತ್ತಲೇ ಇರುತ್ತದೆ. 6ಎನ್138 ನಡೆಯುತ್ತದೆ, ಆದರೆ ಪಿನ್ನುಗಳು ಬೇರೆ, 7ನೇ ಪಿನ್ನಿನಿಂದ ಗ್ರೌಂಡಿಗೆ ಒಂದು ರೆಸಿಸ್ಟರ್ ಹಾಕದಿದ್ದರೆ ಅದೂ ನಿಧಾನ. ಎಚ್11ಎಲ್1ರೊಳಗೆ ಷ್ಮಿಟ್ ಟ್ರಿಗರ್ ಇರುವುದರಿಂದ ಅಂಚು ಚೂಪಾಗಿಯೇ ಬರುತ್ತದೆ.

ಜೋಡಣೆ ಹೀಗೆ. ಇನ್ ಸಾಕೆಟ್ಟಿನ 4ನೇ ಪಿನ್ 220 ಓಮ್ ಮೂಲಕ ಎಚ್11ಎಲ್1ರ 1ಕ್ಕೆ. 5ನೇ ಪಿನ್ ನೇರ 2ಕ್ಕೆ. 1 ಮತ್ತು 2ರ ನಡುವೆ 1ಎನ್4148 ತಿರುಗುಮುರುಗಾಗಿ, ಅಂದರೆ ಪಟ್ಟಿ ಇರುವ ತುದಿ 1ರ ಕಡೆ. ಇನ್ ಸಾಕೆಟ್ಟಿನ 2ನೇ ಪಿನ್ನಿಗೆ ಏನನ್ನೂ ಸೇರಿಸಬಾರದು. ಅದನ್ನು ಗ್ರೌಂಡಿಗೆ ಸೇರಿಸಿದ ಕ್ಷಣವೇ ಎರಡು ಹಲಗೆಗಳ ಗ್ರೌಂಡ್ ಒಂದಾಗುತ್ತದೆ, ಆಪ್ಟೊಕಪ್ಲರ್ ಹಾಕಿದ ಉದ್ದೇಶವೇ ಹಾಳಾಗುತ್ತದೆ. ಎಚ್11ಎಲ್1ರ 6ಕ್ಕೆ 5 ವೋಲ್ಟ್, 5ಕ್ಕೆ ಗ್ರೌಂಡ್, 4 ಔಟ್‌ಪುಟ್. 4ರಿಂದ 5 ವೋಲ್ಟಿಗೆ 470 ಓಮ್.

74ಎಚ್‌ಸಿ14ರಲ್ಲಿ ಆರು ಇನ್ವರ್ಟರ್ (ಸಿಗ್ನಲನ್ನು ತಿರುಗಿಸುವ ಭಾಗ) ಇವೆ. ಮೊದಲನೆಯದಕ್ಕೆ ಆಪ್ಟೊ ಔಟ್‌ಪುಟ್ ಕೊಡಬೇಕು, ಪಿನ್ 1. ಅದರ ಔಟ್‌ಪುಟ್ ಪಿನ್ 2ನ್ನು 3, 5, 9, 11ಕ್ಕೆ ಹಂಚಬೇಕು. ಎರಡು ಸಲ ತಿರುಗಿದ್ದರಿಂದ ಸಿಗ್ನಲ್ ಮೊದಲಿನಂತೆಯೇ ಆಗಿ 4, 6, 8, 10ರಲ್ಲಿ ಬರುತ್ತದೆ. ಈ ನಾಲ್ಕೂ ತಲಾ ಒಂದು 220 ಓಮ್ ಮೂಲಕ ನಾಲ್ಕು ಔಟ್‌ಗಳ 5ನೇ ಪಿನ್ನಿಗೆ. ಪ್ರತಿ ಔಟ್‌ನ 4ನೇ ಪಿನ್ನಿಗೆ 5 ವೋಲ್ಟಿನಿಂದ ಇನ್ನೊಂದು 220 ಓಮ್. ಔಟ್‌ನ 2ನೇ ಪಿನ್ ಮಾತ್ರ ಗ್ರೌಂಡಿಗೆ. ಐಸಿಯ 14 ಮತ್ತು 7ರ ಹತ್ತಿರದಲ್ಲೇ 0.1 ಮೈಕ್ರೋಫ್ಯಾರಡ್ ಒಂದು, ಎಚ್11ಎಲ್1ರ 6 ಮತ್ತು 5ರ ಹತ್ತಿರ ಇನ್ನೊಂದು.

ಉಳಿದ ಆರನೇ ಇನ್ವರ್ಟರ್ ಎಲ್‌ಇಡಿಗೆ. ಎಲ್‌ಇಡಿಯನ್ನು ನೇರವಾಗಿ ಪಿನ್ 2ಕ್ಕೆ ಹಾಕಿದರೆ ಬರೀ ಕ್ಲಾಕ್ ಬರುವಾಗ ಅದು ಉರಿಯುವುದು ಕಾಣುವುದೇ ಇಲ್ಲ. 120 ಬಿಪಿಎಂನಲ್ಲಿ ಸೆಕೆಂಡಿಗೆ 48 ಕ್ಲಾಕ್. ಒಂದೊಂದರಲ್ಲೂ ಕರೆಂಟು ಹರಿಯುವುದು ನಾಲ್ಕು ಬಿಟ್ಟಿನಷ್ಟು ಹೊತ್ತು, 128 ಮೈಕ್ರೋಸೆಕೆಂಡ್. ಒಟ್ಟು ಸಮಯದಲ್ಲಿ ಇದು ನೂರಕ್ಕೆ ಒಂದು ಪಾಲೂ ಅಲ್ಲ. ಕೈ ಅಡ್ಡ ಹಿಡಿದು ನೆರಳು ಮಾಡಿ ನೋಡಿದರೆ ಮಾತ್ರ ಮಸುಕಾಗಿ ಕೆಂಪು ಕಾಣುತ್ತದೆ. ಡಬ್ಬಿ ಸತ್ತಿದೆ ಎಂದುಕೊಂಡು ಎಲ್ಲ ಬೆಸುಗೆ ಮತ್ತೆ ಬಿಸಿ ಮಾಡಲು ಹೊರಡುವುದು ಇಲ್ಲೇ. ಪರಿಹಾರ: ಪಿನ್ 2ರಿಂದ 1ಎನ್4148 ಮೂಲಕ ಪಿನ್ 13ಕ್ಕೆ, ಪಟ್ಟಿಯ ತುದಿ 13ರ ಕಡೆ, 13ರಿಂದ ಗ್ರೌಂಡಿಗೆ 0.1 ಮೈಕ್ರೋಫ್ಯಾರಡ್ ಮತ್ತು 100 ಕಿಲೋಓಮ್ ಅಕ್ಕಪಕ್ಕ. 5 ವೋಲ್ಟಿನಿಂದ ಎಲ್‌ಇಡಿ, 1 ಕಿಲೋಓಮ್, ಪಿನ್ 12. ಈಗ ಪ್ರತಿ ಕ್ಲಾಕಿಗೂ ಎಲ್‌ಇಡಿ 9 ಮಿಲಿಸೆಕೆಂಡಿನಷ್ಟು ಹೊತ್ತಿರುತ್ತದೆ, ವೇದಿಕೆಯ ಬೆಳಕಿನಲ್ಲೂ ಕಾಣುತ್ತದೆ.

ಪವರ್: 9 ವೋಲ್ಟ್ ಡಿಸಿ, ಸಾಲಾಗಿ ಒಂದು 1ಎನ್4007, ನಂತರ 7805. ಇನ್‌ಪುಟ್ ಕಡೆ 0.33, ಔಟ್‌ಪುಟ್ ಕಡೆ 0.1 ಮೈಕ್ರೋಫ್ಯಾರಡ್. ಡಬ್ಬಿ ಎಳೆಯುವ ಕರೆಂಟು ಕಡಿಮೆ, ಹೀಟ್‌ಸಿಂಕ್ ಬೇಡ.

ಬೆಸುಗೆಯಲ್ಲಿ ಎರಡು ಕಡೆ ಎಡವುವುದು ಸಾಮಾನ್ಯ. ಡಿನ್ ಸಾಕೆಟ್ಟಿನ ಪಿನ್ನುಗಳ ಸಾಲು 1-4-2-5-3. ಮುಂದಿನಿಂದ ನೋಡಿದ್ದು ಹಿಂದಿನಿಂದ ತಿರುಗಿ ಕಾಣುತ್ತದೆ. 4 ಮತ್ತು 5 ಅದಲುಬದಲಾದರೆ ಏನೂ ಸುಡುವುದಿಲ್ಲ, ಆದರೆ ಏನೂ ನಡೆಯುವುದೂ ಇಲ್ಲ. ಪ್ಲಾಸ್ಟಿಕ್ ಮೇಲೆ ಸಣ್ಣದಾಗಿ ಅಂಕಿ ಅಚ್ಚಾಗಿರುತ್ತದೆ, ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದರೆ ಓದಬಹುದು. ಚಿತ್ರ ನಂಬುವುದಕ್ಕಿಂತ ಆ ಅಂಕಿ ನಂಬುವುದು ಮೇಲು. ಎರಡನೆಯದು, ಅಗ್ಗದ ಡಿನ್ ಸಾಕೆಟ್ಟಿನ ಪ್ಲಾಸ್ಟಿಕ್ ಬಿಸಿಗೆ ಮೆತ್ತಗಾಗುತ್ತದೆ. 25 ವಾಟಿನ ಐರನ್ ಮೂರು ನಾಲ್ಕು ಸೆಕೆಂಡ್ ಹೆಚ್ಚು ಹಿಡಿದರೂ ಪಿನ್ ಓರೆಯಾಗಿ ತಣ್ಣಗಾಗುತ್ತದೆ, ಆಮೇಲೆ ಪ್ಲಗ್ ಒಳಗೆ ಹೋಗುವುದಿಲ್ಲ. ಬೆಸೆಯುವಾಗ ಒಂದು ಹಳೆಯ ಮಿಡಿ ಪ್ಲಗ್ಗನ್ನು ಸಾಕೆಟ್ಟಿಗೆ ಚುಚ್ಚಿ ಇಟ್ಟರೆ ಪಿನ್ನುಗಳು ನೇರ ನಿಲ್ಲುತ್ತವೆ, ಬಿಸಿಯೂ ಆ ಪ್ಲಗ್ಗಿಗೆ ಇಳಿಯುತ್ತದೆ. ಪಿನ್ನಿಗೂ ವಯರಿಗೂ ಬೇರೆ ಬೇರೆ ಸೀಸ ಹಚ್ಚಿಕೊಂಡು ಕೊನೆಗೆ ಕೂಡಿಸಿದರೆ ಒಂದು ಸೆಕೆಂಡಿನ ಕೆಲಸ.

ಐಸಿ ಚುಚ್ಚುವ ಮೊದಲು ಸಾಕೆಟ್ಟಿನ 14 ಮತ್ತು 7ರ ನಡುವೆ 5 ವೋಲ್ಟ್ ಇದೆಯೇ ನೋಡಬೇಕು. ಚುಚ್ಚಿದ ಮೇಲೆ ಏನೂ ಕಳಿಸದಿರುವಾಗ ಪಿನ್ 2ರಲ್ಲಿ 0 ವೋಲ್ಟ್, 4, 6, 8, 10ರಲ್ಲಿ 5 ವೋಲ್ಟ್ ಹತ್ತಿರ. ಔಟ್ ಸಾಕೆಟ್ಟಿನ 4 ಮತ್ತು 5ರ ನಡುವೆ ಅಳೆದರೆ ಸೊನ್ನೆ ಬರಬೇಕು. 5 ವೋಲ್ಟ್ ಬಂದರೆ ಇನ್ವರ್ಟರ್ ಒಂದು ಸಲ ಮಾತ್ರ ತಿರುಗಿದೆ ಎಂದರ್ಥ.

ಡಿಲೇ ಪೆಡಲಿಗೆ ಹೋಗುವ ಔಟ್ 3.5 ಮಿಮೀ ಸಾಕೆಟ್. ಇದರ ಪ್ಲಗ್ಗಿನ ತುದಿ ಟಿಪ್, ನಡುವಿನ ಉಂಗುರ ರಿಂಗ್, ಬುಡ ಸ್ಲೀವ್. 2018ರಲ್ಲಿ ಮಾನಕವಾದದ್ದು ಎ ಮಾದರಿ: ಟಿಪ್‌ಗೆ ಡಿನ್‌ನ 5, ರಿಂಗ್‌ಗೆ 4, ಸ್ಲೀವ್‌ಗೆ 2. ಅದಕ್ಕೂ ಹಿಂದಿನ ಕೆಲವು ಯಂತ್ರಗಳು ಬಿ ಮಾದರಿ, ಅಲ್ಲಿ ಟಿಪ್ ಮತ್ತು ರಿಂಗ್ ಅದಲುಬದಲು. ಕೊಳ್ಳುವ ಅಡಾಪ್ಟರ್ ಕೇಬಲ್ ಮೇಲೆ ಎ ಅಥವಾ ಬಿ ಎಂದು ಬರೆದಿರದಿದ್ದರೆ ಮಲ್ಟಿಮೀಟರಿನಲ್ಲಿ ಬೀಪ್ ಮಾಡಿಯೇ ತಿಳಿಯಬೇಕು.

ಹಂತ 4: ಕ್ಲಾಕ್

ತಂಡಕ್ಕೆ ಒಂದೇ ಕ್ಲಾಕ್, ಅದು ಲ್ಯಾಪ್‌ಟಾಪಿನದು. ಇಬ್ಬರೂ 120ಕ್ಕೆ ತಿರುಗಿಸಿ ಒಟ್ಟಿಗೆ ಪ್ಲೇ ಒತ್ತಿದರೆ ಸಾಲದು. ಎರಡು ಕ್ಲಾಕುಗಳ ನಡುವೆ ಹತ್ತು ಸಾವಿರದಲ್ಲಿ ಒಂದು ಪಾಲು ವ್ಯತ್ಯಾಸ ಇದ್ದರೂ ಹತ್ತು ನಿಮಿಷಕ್ಕೆ 60 ಮಿಲಿಸೆಕೆಂಡ್ ಜಾರುತ್ತದೆ, ಕಿಕ್ ಎರಡಾಗಿ ಕೇಳುತ್ತದೆ.

ಲೈವ್‌ನ ಮಿಡಿ ಸೆಟ್ಟಿಂಗಿನಲ್ಲಿ ಇಂಟರ್‌ಫೇಸಿನ ಔಟ್‌ಪುಟ್ ಪೋರ್ಟಿಗೆ ಸಿಂಕ್ ಆನ್, ಟ್ರ್ಯಾಕ್ ಆಫ್. ಈ ಪೋರ್ಟಿನಲ್ಲಿ ಕ್ಲಾಕ್ ಬಿಟ್ಟು ಬೇರೇನೂ ಹೋಗಬಾರದು. ಒಂದು ನೋಟ್ ಸಂದೇಶ ಹೋಗಲು 960 ಮೈಕ್ರೋಸೆಕೆಂಡ್ ಬೇಕು. ದಟ್ಟವಾದ ಸ್ವರಗುಚ್ಛ ಅದೇ ದಾರಿಯಲ್ಲಿ ಹೋದರೆ ಹಿಂದೆ ಬರುವ ಕ್ಲಾಕ್ ಕಾಯಬೇಕಾಗಬಹುದು, ಹೈಹ್ಯಾಟ್ ತೂರಾಡುತ್ತದೆ. ಸಿಂಥಿನ ಸ್ವರಗಳನ್ನು ಎರಡನೇ ಹಲಗೆಯವರು ಕೈಯಲ್ಲೇ ನುಡಿಸುವುದರಿಂದ ಇಲ್ಲಿ ಆ ಪ್ರಶ್ನೆ ಏಳುವುದಿಲ್ಲ.

ಥ್ರೂ ಡಬ್ಬಿಯಿಂದ ವೋಲ್ಕಾ ಬೀಟ್ಸ್, ಸಿಂಥ್, ಡಿಲೇಗೆ ಮಿಡಿ. ವೋಲ್ಕಾ ಬೇಸ್‌ಗೆ ಮಿಡಿ ಬೇಡ. ಬೀಟ್ಸ್‌ನ ಸಿಂಕ್ ಔಟ್‌ನಿಂದ ಬೇಸ್‌ನ ಸಿಂಕ್ ಇನ್‌ಗೆ 3.5 ಮಿಮೀ ಕೇಬಲ್ ಸಾಕು. ಸಿಂಕ್ ಇನ್‌ನಲ್ಲಿ ಕೇಬಲ್ ಚುಚ್ಚಿದ್ದರೆ ವೋಲ್ಕಾ ತನ್ನ ಸ್ವಂತ ಕ್ಲಾಕ್ ಬಿಟ್ಟು ಅದನ್ನೇ ಹಿಡಿಯುತ್ತದೆ. ಇದರಿಂದ ಮನೆಯಲ್ಲಿ ಒಬ್ಬರೇ ಅಭ್ಯಾಸ ಮಾಡುವಾಗಲೂ ಎರಡನೇ ಹಲಗೆ ತನ್ನಷ್ಟಕ್ಕೆ ಓಡುತ್ತದೆ, ಒಂದು ವಯರೂ ಬದಲಿಸಬೇಕಿಲ್ಲ.

ಎಚ್ಚರ ಬೇಕಾದದ್ದು ಇಲ್ಲಿ. ಮಿಡಿಯಲ್ಲಿ ಒಂದು ಬೀಟಿಗೆ 24 ಕ್ಲಾಕ್ ಜೊತೆಗೆ ಶುರು, ನಿಲ್ಲು ಎಂಬ ಸಂದೇಶಗಳಿವೆ. ವೋಲ್ಕಾದ ಸಿಂಕ್ ಕೇಬಲ್‌ನಲ್ಲಿ ಬರೀ ತುಡಿತ, ಒಂದು ಬೀಟಿಗೆ ಎರಡು. ಹಾಡಿನಲ್ಲಿ ನಾವು ಎಲ್ಲಿದ್ದೇವೆ ಎಂಬ ಮಾಹಿತಿ ಅದರಲ್ಲಿ ಇಲ್ಲ. ಹಾಡಿನ ಮಧ್ಯೆ ಬೇಸ್‌ನ ಪ್ಲೇ ಒತ್ತಿದರೆ ಮುಂದಿನ ತುಡಿತದಿಂದ ಅದು ತನ್ನ ಮೊದಲ ಸ್ಟೆಪ್ ಶುರುಮಾಡುತ್ತದೆ, ಸಮಕ್ಕೆ ಕೂರುವುದಿಲ್ಲ. ಲ್ಯಾಪ್‌ಟಾಪ್ ಶುರುವಾಗುವ ಮೊದಲೇ ಬೇಸ್‌ನ ಪ್ಲೇ ಒತ್ತಿ ಕಾಯಲು ಬಿಡಬೇಕು. ಬೇಸ್ ಬೇಡವಾದ ಕಡೆ ಮಿಕ್ಸರಿನಲ್ಲಿ ಇಳಿಸಬೇಕೇ ಹೊರತು ಯಂತ್ರ ನಿಲ್ಲಿಸಬಾರದು.

ಕೊನೆಗೆ ತಡ ಅಳೆಯುವುದು. ಲೈವ್‌ನ ಮೆಟ್ರೋನೋಮನ್ನು ಇಂಟರ್‌ಫೇಸಿನ ಒಂದು ಔಟ್‌ಪುಟ್‌ನಿಂದ ಕೇಬಲ್ ಹಾಕಿ ಅದೇ ಇಂಟರ್‌ಫೇಸಿನ ಮೊದಲ ಇನ್‌ಪುಟ್ಟಿಗೆ ತರಬೇಕು. ವೋಲ್ಕಾ ಬೀಟ್ಸ್‌ನ ಕ್ಲೇವ್ ಸದ್ದನ್ನು ಎರಡನೇ ಇನ್‌ಪುಟ್ಟಿಗೆ. ಎರಡನ್ನೂ ಒಟ್ಟಿಗೆ ರೆಕಾರ್ಡ್ ಮಾಡಿ ಹಿಗ್ಗಿಸಿ ನೋಡಿದರೆ ನಿಜವಾದ ಅಂತರ ಸಿಗುತ್ತದೆ, ಯಾಕಂದರೆ ಎರಡೂ ಒಂದೇ ದಾರಿಯಲ್ಲಿ ಒಳಗೆ ಬಂದಿವೆ. ಪರದೆಯ ಮೇಲಿನ ಗೆರೆಗೂ ವೋಲ್ಕಾದ ಸದ್ದಿಗೂ ಹೋಲಿಸಿದರೆ ರೆಕಾರ್ಡಿಂಗಿನ ತಡವೂ ಸೇರಿ ಲೆಕ್ಕ ತಪ್ಪುತ್ತದೆ. ಸಿಕ್ಕ ಅಂತರವನ್ನು ಲೈವ್‌ನ ಮಿಡಿ ಕ್ಲಾಕ್ ಸಿಂಕ್ ಡಿಲೇಯಲ್ಲಿ ಮೈನಸ್ ಆಗಿ ತುಂಬಬೇಕು. ಬಫರ್ ಗಾತ್ರ (ಲ್ಯಾಪ್‌ಟಾಪ್ ಒಮ್ಮೆಗೆ ಹಿಡಿಯುವ ಸದ್ದಿನ ತುಣುಕು) ಬದಲಿಸಿದರೆ ಮತ್ತೆ ಅಳೆಯಬೇಕು: 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಅಂದರೆ 2.7 ಮಿಲಿಸೆಕೆಂಡ್, 256 ಅಂದರೆ 5.3. ಒಂದೆರಡು ಮಿಲಿಸೆಕೆಂಡಿನ ಓಲಾಟ ಉಳಿದೇ ಉಳಿಯುತ್ತದೆ, ಅದು ಕಿವಿಗೆ ಬೀಳುವುದಿಲ್ಲ.

ಹಂತ 5: ಪವರ್

ವೋಲ್ಕಾಕ್ಕೆ 9 ವೋಲ್ಟ್, ನಡುವಿನ ಪಿನ್ ಪಾಸಿಟಿವ್. ಗಿಟಾರ್ ಪೆಡಲುಗಳಿಗೂ 9 ವೋಲ್ಟ್, ಆದರೆ ನಡುವಿನ ಪಿನ್ ನೆಗೆಟಿವ್. ಎರಡೂ ಒಂದೇ ಹಲಗೆಯ ಮೇಲೆ, ಕತ್ತಲಲ್ಲಿ. ಪ್ಲಗ್ಗಿನ ದಪ್ಪ ಬೇರೆ ಎಂದು ನೆಚ್ಚಿಕೊಳ್ಳಬಾರದು, ಅಂಗಡಿಯಲ್ಲಿ ಕೊಡುವ ಕನ್ವರ್ಟರ್ ತುದಿಗಳು ಆ ರಕ್ಷಣೆಯನ್ನೂ ಕಳೆಯುತ್ತವೆ.

ಮೊದಲ ಪ್ರಯತ್ನದಲ್ಲಿ ಒಂದು ದೊಡ್ಡ 9 ವೋಲ್ಟ್ ಅಡಾಪ್ಟರಿನಿಂದ ಎರಡು ವೋಲ್ಕಾಗಳಿಗೆ ಹಂಚಿದ್ದು. ಓಡಿತು, ಆದರೆ ಮಿಕ್ಸರಿನಲ್ಲಿ ಕೀಚಲು ಸದ್ದು, ಎಲ್‌ಇಡಿಗಳು ಓಡಿದ ಲಯಕ್ಕೆ ಅದೂ ಏರಿಳಿಯುತ್ತದೆ. ಯಂತ್ರಗಳ ಡಿಜಿಟಲ್ ಭಾಗದ ಕರೆಂಟು ಹಿಂತಿರುಗುವ ದಾರಿ ಮತ್ತು ಆಡಿಯೊ ಕೇಬಲಿನ ಗ್ರೌಂಡ್ ಸೇರಿ ಸುತ್ತಾಗುವುದೇ ಕಾರಣ. ಫಿಲ್ಟರ್ ಕೆಪಾಸಿಟರ್ ಹಾಕಿದರೂ ಹೋಗಲಿಲ್ಲ. ಉಳಿಸಿಕೊಂಡ ದಾರಿ ಸರಳ: ಎರಡೂ ವೋಲ್ಕಾ ಬ್ಯಾಟರಿಯ ಮೇಲೆ, ತಲಾ ಆರು ಎಎ ಗಾತ್ರದ ರೀಚಾರ್ಜಬಲ್ ನಿಕಲ್ ಸೆಲ್. ವೋಲ್ಕಾದ ಸೆಟ್ಟಿಂಗಿನಲ್ಲಿ ಬ್ಯಾಟರಿ ಮಾದರಿಯನ್ನು ನಿಕಲ್‌ಗೆ ಬದಲಿಸಬೇಕು, ಇಲ್ಲದಿದ್ದರೆ 1.2 ವೋಲ್ಟಿನ ಸೆಲ್ಲನ್ನು ಖಾಲಿಯಾದ ಆಲ್ಕಲೈನ್ ಎಂದುಕೊಂಡು ಬೇಗ ಎಚ್ಚರಿಕೆ ತೋರಿಸುತ್ತದೆ. ಕೀಚಲು ಪೂರ್ತಿ ನಿಂತಿತು, ಪಾಸಿಟಿವ್ ನೆಗೆಟಿವ್ ಗೊಂದಲವೂ ಹಲಗೆಯಿಂದ ಹೋಯಿತು. ಥ್ರೂ ಡಬ್ಬಿಯನ್ನೂ ಪೆಡಲಿನಂತೆ ನಡು ನೆಗೆಟಿವ್ ಮಾಡಿದ್ದರಿಂದ ಹಲಗೆಯ ಮೇಲಿನ 9 ವೋಲ್ಟ್ ತುದಿಗಳೆಲ್ಲ ಈಗ ಒಂದೇ ಬಗೆ. ಸಿಂಥಿನ ಅಡಾಪ್ಟರ್ ಬೇರೆ, ಅದರ ವಯರಿಗೆ ತುದಿಯಿಂದ ತುದಿಗೆ ಕೆಂಪು ಟೇಪು.

ಹಂತ 6: ಗುಂಯ್ ಸದ್ದು

ಲ್ಯಾಪ್‌ಟಾಪ್ ಚಾರ್ಜರ್ ಹಾಕಿದ ಕೂಡಲೇ ಸ್ಪೀಕರಿನಲ್ಲಿ ಗುಂಯ್, ತೆಗೆದರೆ ನಿಶ್ಶಬ್ದ. ಎಲ್ಲ ಕಡೆ ಇದೇ ಕಥೆ. ಚಾರ್ಜರಿನ ಮೂರನೇ ಪಿನ್ನಿನ ಅರ್ಥಿಂಗ್ ಒಂದು ದಾರಿ, ಪಿಎ ಸಿಸ್ಟಮ್ಮಿನ (ಸಭೆಗೆ ಕೇಳಿಸುವ ಸ್ಪೀಕರ್ ವ್ಯವಸ್ಥೆಯ) ಅರ್ಥಿಂಗ್ ಇನ್ನೊಂದು, ನಡುವೆ ಆಡಿಯೊ ಕೇಬಲಿನ ಷೀಲ್ಡ್. ಎರಡು ಪಿನ್ನಿನ ಚಾರ್ಜರ್ ಆದರೆ ಈ ಸುತ್ತು ಇಲ್ಲ, ಆದರೆ ಒಳಗಿನ ಸಣ್ಣ ಕೆಪಾಸಿಟರುಗಳಿಂದ ಸೋರುವ ಕರೆಂಟು ಅದೇ ಷೀಲ್ಡ್ ಹಿಡಿದು ಹೋಗುತ್ತದೆ. ಲೋಹದ ಲ್ಯಾಪ್‌ಟಾಪ್ ಮುಟ್ಟಿದರೆ ಕೈ ಜುಮ್ಮೆನ್ನುವುದೂ ಅದರಿಂದಲೇ.

ಚಾರ್ಜರಿನ ಅರ್ಥಿಂಗ್ ಪಿನ್ ಮುರಿಯುವುದನ್ನು ಅನೇಕ ವೇದಿಕೆಗಳಲ್ಲಿ ಪರಿಹಾರ ಎಂದು ಹೇಳುತ್ತಾರೆ. ಅದನ್ನು ಖಂಡಿತ ಮಾಡಬಾರದು. 230 ವೋಲ್ಟಿನ ಯಾವುದೋ ಸಾಮಾನಿನ ಇನ್ಸುಲೇಷನ್ ಹೋದ ದಿನ, ಒಂದು ಕೈ ಸಿಂಥಿನ ಮೇಲಿಟ್ಟು ತುಟಿ ಮೈಕಿಗೆ ತಾಗಿಸಿದವರ ಮೈಯೇ ಅರ್ಥಿಂಗ್ ಆಗುತ್ತದೆ.

ಮಾಡಿ ನೋಡಿದವು, ಬಿಟ್ಟವು, ಉಳಿದವು. ಎಡಿಯುಎಂ4160 ಚಿಪ್ ಇರುವ ಯುಎಸ್‌ಬಿ ಐಸೊಲೇಟರ್ ಹಾಕಿದಾಗ ಇಂಟರ್‌ಫೇಸ್ ಕಾಣಿಸಿಕೊಳ್ಳಲೇ ಇಲ್ಲ. ಆ ಚಿಪ್ ಸೆಕೆಂಡಿಗೆ 12 ಮೆಗಾಬಿಟ್ ವೇಗದವರೆಗೆ ಮಾತ್ರ; ಹೈಸ್ಪೀಡ್ ಯುಎಸ್‌ಬಿ 2 ಬೇಡುವ ಇಂಟರ್‌ಫೇಸಿಗೆ ಅದು ಒಗ್ಗುವುದಿಲ್ಲ. ಮಿಡಿ ಕೀಬೋರ್ಡಿಗೆ ಸಾಕಾಗುತ್ತದೆ ಅಷ್ಟೇ. ಹೈಸ್ಪೀಡ್ ಐಸೊಲೇಟರುಗಳೂ ಸಿಗುತ್ತವೆ, ಆದರೆ ಈ ತಂಡದ ಮಟ್ಟಿಗೆ ಮೂಗಿಗಿಂತ ಮೂಗುತಿ ಭಾರ.

ಕಾರಿನ ಸ್ಟೀರಿಯೊಗೆ ಮಾರುವ ಚಿಕ್ಕ ಗ್ರೌಂಡ್ ಲೂಪ್ ಐಸೊಲೇಟರ್ ಗುಂಯ್ ನಿಲ್ಲಿಸಿತು, ಜೊತೆಗೆ ಬೇಸನ್ನೂ ಕೆಡಿಸಿತು. ಒಳಗಿನ ಟ್ರಾನ್ಸ್‌ಫಾರ್ಮರ್ ತೀರ ಚಿಕ್ಕದು. ಕೆಳಗಿನ ಆವರ್ತನದಲ್ಲಿ ಮಟ್ಟ ಹೆಚ್ಚಿದಾಗ ಅದರ ತಿರುಳು ತುಂಬಿಹೋಗಿ ಕಿಕ್ ಒಡೆಯುತ್ತದೆ. ಪರೀಕ್ಷೆ ಸುಲಭ: 40 ಹರ್ಟ್ಸ್ ಸೈನ್ ಅಲೆ ಹಾಕಿ ಮಟ್ಟ ಏರಿಸುತ್ತಾ ಹೋಗಿ, ಮೃದುವಾದ ಗುನುಗು ಯಾವಾಗ ಗರಗರ ಆಗುತ್ತದೆ ಕೇಳಿ. ಎಲೆಕ್ಟ್ರಾನಿಕ್ ಸಂಗೀತದಲ್ಲಿ ಜೀವ ಇರುವುದೇ ಆ ಜಾಗದಲ್ಲಿ, ಅದನ್ನು ಕೊಟ್ಟು ನಿಶ್ಶಬ್ದ ಕೊಳ್ಳಬಾರದು.

ಉಳಿದದ್ದು ಟ್ರಾನ್ಸ್‌ಫಾರ್ಮರ್ ಇರುವ ಪ್ಯಾಸಿವ್ ಡಿಐ ಬಾಕ್ಸ್, ಅಂದರೆ ವಾದ್ಯದ ಸಿಗ್ನಲನ್ನು ಪಿಎಗೆ ಒಗ್ಗುವಂತೆ ಬದಲಿಸುವ ಡಬ್ಬಿ. ಎರಡು ಚಾನೆಲ್ಲಿನದು ಪ್ರತಿ ಹಲಗೆಗೆ ಒಂದು, ಗ್ರೌಂಡ್ ಲಿಫ್ಟ್ ಸ್ವಿಚ್ ಇರುವಂಥದ್ದು. ಈ ಸ್ವಿಚ್ ಕಡಿಯುವುದು ಆಡಿಯೊ ಕೇಬಲಿನ ಷೀಲ್ಡನ್ನು ಮಾತ್ರ, ವಿದ್ಯುತ್ತಿನ ಅರ್ಥಿಂಗನ್ನಲ್ಲ, ಆದ್ದರಿಂದ ಅಪಾಯ ಇಲ್ಲ. ಇದೇ ಇಡೀ ಜೋಡಣೆಯಲ್ಲಿ ಹೆಚ್ಚು ಖರ್ಚಿನ ಭಾಗ, ಇದರಲ್ಲಿ ಉಳಿಸಲು ಹೋಗಬಾರದು. ಜೊತೆಗೆ ಎರಡು ಹಲಗೆಗೂ ಒಂದೇ ಸಾಕೆಟ್ಟಿನಿಂದ ಒಂದೇ ಸ್ಪೈಕ್ ಬಸ್ಟರ್. ಮದುವೆ ಛತ್ರದಂಥ ಜಾಗಗಳಲ್ಲಿ ಬಣ್ಣದ ದೀಪಗಳ ಡಿಮ್ಮರ್ ಇರುವ ಲೈನಿನಿಂದ ದೂರ. 100 ಹರ್ಟ್ಸ್ ಮತ್ತು ಅದರ ಮೇಲಿನ ಜಿರ್ ಸದ್ದು ಅಲ್ಲಿಂದ ಬರುತ್ತದೆ, ಡಿಐ ಅದನ್ನು ಪೂರ್ತಿ ತಡೆಯುವುದಿಲ್ಲ.

ಹಂತ 7: ವೋಲ್ಕಾದ ಆಡಿಯೊ ಕೇಬಲ್

ಇದು ಚಿಕ್ಕದು, ಆದರೆ ತಿಳಿಯದಿದ್ದರೆ ಯಂತ್ರವೇ ಹಾಳಾಗಿದೆ ಅನಿಸುವಂಥದ್ದು. ವೋಲ್ಕಾ ಬೀಟ್ಸ್, ಬೇಸ್‌ಗಳ ಔಟ್ ಹೆಡ್‌ಫೋನ್ ಸಾಕೆಟ್. ಎಡ ಬಲ ಎರಡರಲ್ಲೂ ಒಂದೇ ಸದ್ದು. ಅದನ್ನು ಎರಡೂ ತುದಿಯಲ್ಲಿ ಸ್ಟೀರಿಯೊ ಪ್ಲಗ್ ಇರುವ ಕೇಬಲಿನಿಂದ ಮಿಕ್ಸರಿನ ಬ್ಯಾಲೆನ್ಸ್ಡ್ ಇನ್‌ಪುಟ್ಟಿಗೆ ಚುಚ್ಚಿದರೆ ಮಿಕ್ಸರ್ ಟಿಪ್‌ನಿಂದ ರಿಂಗನ್ನು ಕಳೆಯುತ್ತದೆ, ಒಂದರಲ್ಲಿ ಒಂದು ಕಳೆದರೆ ಉಳಿಯುವುದು ಸೊನ್ನೆ. ಕಿಕ್ ಮಾಯ, ಎಲ್ಲೋ ತೆಳ್ಳಗೆ ಸದ್ದು. ಹಾಗೆಂದು ವೋಲ್ಕಾಕ್ಕೆ ಮೋನೊ ಪ್ಲಗ್ ಚುಚ್ಚಲೂಬಾರದು, ಅದರ ಉದ್ದನೆಯ ಸ್ಲೀವ್ ಬಲಗಡೆಯ ಔಟ್‌ಪುಟ್ಟನ್ನು ಗ್ರೌಂಡಿಗೆ ಷಾರ್ಟ್ ಮಾಡುತ್ತದೆ. ವೋಲ್ಕಾದ ಕಡೆ 3.5 ಮಿಮೀ ಸ್ಟೀರಿಯೊ ಪ್ಲಗ್, ಮಿಕ್ಸರ್ ಕಡೆ 6.35 ಮಿಮೀ ಮೋನೊ ಪ್ಲಗ್, ಟಿಪ್‌ಗೆ ಟಿಪ್, ಸ್ಲೀವ್‌ಗೆ ಸ್ಲೀವ್, ರಿಂಗ್ ಯಾವುದಕ್ಕೂ ಸೇರದೆ ಖಾಲಿ. ತಲಾ 50 ಸೆಂಟಿಮೀಟರ್ ಕೇಬಲ್ ಸಾಕು. 3.5 ಮಿಮೀ ಪ್ಲಗ್ಗಿನ ಹತ್ತಿರ ಕೇಬಲನ್ನು ಹಲಗೆಗೆ ಕ್ಲಿಪ್ ಹೊಡೆದು ಹಿಡಿಸಿದರೆ ಎಳೆತ ಸಾಕೆಟ್ಟಿಗೆ ತಾಗುವುದಿಲ್ಲ.

ಹಂತ 8: ಓಡಿಸಿ ನೋಡುವುದು

ಪೂರ್ತಿ ಜೋಡಣೆಯನ್ನು ಎರಡು ಗಂಟೆ ನಿಲ್ಲಿಸದೆ ಓಡಿಸಿ, ಮೆಟ್ರೋನೋಮ್ ಮತ್ತು ವೋಲ್ಕಾವನ್ನು ಆಗಾಗ ರೆಕಾರ್ಡ್ ಮಾಡಿ ಅಂತರ ನೋಡಬೇಕು. ಕ್ಲಾಕ್ ಸರಿಯಿದ್ದರೆ ಕೊನೆಯಲ್ಲೂ ಮೊದಲಿನಷ್ಟೇ ಅಂತರ. ಹೆಚ್ಚುತ್ತಾ ಹೋದರೆ ಯಾವುದೋ ಯಂತ್ರ ಇನ್ನೂ ತನ್ನದೇ ಕ್ಲಾಕಿನಲ್ಲಿ ಇದೆ, ಬಹುಪಾಲು ಅದು ಡಿಲೇ ಪೆಡಲ್. ಕಿವಿಗೂ ತಿಳಿಯುತ್ತದೆ: 96 ಬಿಪಿಎಂನಲ್ಲಿ ಒಂದು ಬೀಟ್ 625 ಮಿಲಿಸೆಕೆಂಡ್, ಚುಕ್ಕೆ ಎಂಟನೆಯದು (ಮುಕ್ಕಾಲು ಬೀಟ್) 469. ಪೆಡಲಿನ ಪರದೆ ಬೇರೆ ಅಂಕಿ ತೋರಿಸುತ್ತಿದ್ದರೆ ಅದಕ್ಕೆ ಕ್ಲಾಕ್ ತಲುಪಿಲ್ಲ.

ಈ ಓಟದಲ್ಲೇ ಲ್ಯಾಪ್‌ಟಾಪಿನ ವೈಫೈ, ಬ್ಲೂಟೂತ್, ಅಪ್‌ಡೇಟ್ ಎಲ್ಲ ಆಫ್ ಇರಲಿ, ಯುಎಸ್‌ಬಿ ಹಬ್ ಬಿಟ್ಟು ನೇರ ಪೋರ್ಟಿಗೆ ಇಂಟರ್‌ಫೇಸ್ ಇರಲಿ. ಆಮೇಲೆ ನಡುವಿನ ಮಿಡಿ ಕೇಬಲನ್ನು ಬೇಕೆಂದೇ ಕೀಳಬೇಕು. ವೋಲ್ಕಾಗಳು ನಿಲ್ಲುತ್ತವೆ, ಲ್ಯಾಪ್‌ಟಾಪ್ ಓಡುತ್ತದೆ. ಮತ್ತೆ ಚುಚ್ಚಿದಾಗ ಲೈವ್ ನಿಲ್ಲಿಸಿ ಶುರು ಮಾಡುವವರೆಗೆ ಸಮಕ್ಕೆ ಬರುವುದಿಲ್ಲ. ಹಾಗಾದಾಗ ಮೊದಲ ಹಲಗೆಯವರು ಪ್ಯಾಡ್ ಮತ್ತು ಹಾಡಿನಲ್ಲಿ ಸಾಗಬೇಕು, ಎರಡನೆಯವರು ಸಿಂಥ್ ಕೈಯಲ್ಲಿ ನುಡಿಸಬೇಕು, ಮುಂದಿನ ಹಾಡಿಗೆ ಮಾತ್ರ ಮತ್ತೆ ಸಿಂಕ್. ಇದನ್ನು ಅಭ್ಯಾಸದಲ್ಲೇ ಮಾಡಿ ನೋಡಿರಬೇಕು.

ಹಂತ 9: ಬಾಕಿ

ಥ್ರೂ ಡಬ್ಬಿಯ ನಾಲ್ಕನೇ ಔಟ್ ಖಾಲಿ ಇದೆ. ಅಗ್ಗದ ಡಿನ್ ಸಾಕೆಟ್ ಪ್ಲಗ್ಗನ್ನು ಬಿಗಿಯಾಗಿ ಹಿಡಿಯುವುದಿಲ್ಲ, ಕಾಲು ಕೇಬಲಿಗೆ ತಾಗಿದರೆ ಕಳಚುತ್ತದೆ. ಸದ್ಯಕ್ಕೆ ಡಬ್ಬಿಯ ಪಕ್ಕದಲ್ಲಿ ಕೊಕ್ಕೆ ಹಾಕಿ ಕೇಬಲನ್ನು ಒಮ್ಮೆ ಸುತ್ತಿ ಬಿಡಲಾಗುತ್ತಿದೆ. ಮುಂದಿನ ಡಬ್ಬಿಯಲ್ಲಿ ಇನ್ ಸಾಕೆಟ್ ಮಾತ್ರ ಲಾಕ್ ಇರುವ ಲೋಹದ್ದು ಹಾಕಬೇಕು, ಅದರ ಹೊರಕವಚ ಗ್ರೌಂಡಿಗೆ ತಾಗದಂತೆ. ಎಚ್11ಎಲ್1 ಮತ್ತು 74ಎಚ್‌ಸಿ14 ತಲಾ ಒಂದು ಹೆಚ್ಚಿಗೆ ತಂದು ಡಬ್ಬಿಯೊಳಗೇ ಸ್ಪಂಜಿಗೆ ಚುಚ್ಚಿ ಇಟ್ಟಿದೆ.